ಕುಸುಬೆ ಹಳದಿ, ಅಬಾಯದ ಕಪ್ಪು



ಅಡಿಕೆ ಸುಗ್ಗಿ ಬಂತೆಂದರೆ ಚನ್ನಗಿರಿ ಸೀಮೆಯ ಹೆಂಗಸರ ಬಟ್ಟೆಯ ಬಣ್ಣವನ್ನು ತೀರ್ಮಾನಿಸುವುದು ಚೊಗರು. ಹಸಿ ಅಡಿಕೆ ಸುಲಿಯುವಾಗ ಕೈಗಂಟುವ ಸೊನೆ, ಬೇಯಿಸುವ ಹಂಡೆಯಿಂದ ಸಿಡಿಯುವ ಕೆಂಗಂದು ನೀರು ಒಮ್ಮೆ ಬಟ್ಟೆಗೆ ತಾಗಿದರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಅದಕ್ಕೇ ಮೆಟ್ಟುಗತ್ತಿಯ ಮೇಲೆ ಕೂರುವ ಹೆಣ್ಣುಮಕ್ಕಳು ಹಳೆಯ, ಕಡುಬಣ್ಣದ ಸೀರೆ ಉಟ್ಟು, ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ತೊಟ್ಟುಕೊಳ್ಳುತ್ತಾರೆ. ಸಾಲಾಗಿ ಕೂತ ಆ ಹೆಂಗಸರಲ್ಲಿ ಲಿಂಗಾಯತರು ಯಾರು, ನಾಯಕರು ಯಾರು, ಮುಸ್ಲಿಮರು ಯಾರು ಎಂದು ಬಟ್ಟೆ ನೋಡಿ ಹೇಳುವುದು ಕಷ್ಟ. ಎಲ್ಲರ ಬೆರಳೂ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಸಂಜೆ ಕೆಲಸ ಮುಗಿದು, ಕೈಕಾಲು ತೊಳೆದು, ಬಸ್ ನಿಲ್ದಾಣದ ಕಡೆ ಹೊರಟಾಗ ಮಾತ್ರ ಅವರಲ್ಲಿ ಕೆಲವರು ಗೋಡೆಯ ಮೊಳೆಗೆ ನೇತುಹಾಕಿದ ಕರಿ ಬುರ್ಖಾ ತೆಗೆದು ಹಾಕಿಕೊಳ್ಳುತ್ತಾರೆ. ದಾರಿಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಆ ಕಪ್ಪು ಒಂದೇ. ಅದರ ಒಳಗಿನ ಬಣ್ಣಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆ ಕಪ್ಪು ಅಲ್ಲಿಗೆ ಎಂದು ಬಂತು, ಯಾಕೆ ಬಂತು ಎಂದೂ ಕೇಳುವುದಿಲ್ಲ. ಇವತ್ತಿನ ಮಾತು ಅದರ ಮೇಲೆ.

ಮೊದಲು ಈ ಸೀಮೆಯ ಮುಸ್ಲಿಮರು ಯಾರು ಎಂಬುದನ್ನು ನೋಡಬೇಕು. ಶಾಂತವ್ವೆ ಕಟ್ಟಿಸಿದಳೆಂದು ಜನ ನಂಬುವ ಸೂಳೆಕೆರೆಯಿಂದ ಸಂತೇಬೆನ್ನೂರು ದೂರವಿಲ್ಲ. ಅಲ್ಲಿ ಕೆಂಗ ಹನುಮಪ್ಪ ನಾಯಕನ ಪುಷ್ಕರಣಿ ಇದೆ, ಅದರ ದಂಡೆಯಲ್ಲೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಕೂಡಿಕೊಂಡ ಮುಸಾಫಿರ್‌ಖಾನೆ ಇದೆ. 17ನೆಯ ಶತಮಾನದಲ್ಲಿ ಆದಿಲ್‌ಶಾಹಿ ದಂಡು ಈ ದಾರಿಯಲ್ಲಿ ಬಂತು. ಅದರ ಸರದಾರನಾಗಿದ್ದ ಶಹಾಜಿ ಭೋಸಲೆ 1664ರಲ್ಲಿ ತೀರಿಕೊಂಡದ್ದು, ಅವನ ಸಮಾಧಿ ಇರುವುದು, ಇದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಮುಂದೆ ಮೊಗಲರು ಶಿರಾವನ್ನು ಸುಬಾ ಮಾಡಿಕೊಂಡಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ಹೀಗೆ ದಂಡಿನವರು, ಕಚೇರಿಯವರು, ಫಕೀರರು ಬಂದು ನೆಲೆಸಿದರು. ಅವರ ಮನೆಮಾತು ದಖನಿ. ಇನ್ನೊಂದು ಕಡೆ ಇಲ್ಲಿನ ನೆಲದಲ್ಲೇ ಬೇರುಬಿಟ್ಟ ಪಿಂಜಾರರು, ನದಾಫರು ಇದ್ದಾರೆ. ಜಗಳೂರು, ದಾವಣಗೆರೆ, ಚಿತ್ರದುರ್ಗದ ಎರೆಹೊಲಗಳ ಹತ್ತಿಯನ್ನು ಹಿಂಜಿ ಗಾದಿ ಹೊಲಿದುಕೊಟ್ಟವರು ಅವರು. ಅನೇಕ ಪಿಂಜಾರರ ಮನೆಗಳಲ್ಲಿ ಆಡುವುದು ಕನ್ನಡವನ್ನೇ.

ಈ ಎರಡು ಬಗೆಯ ಮನೆಗಳಲ್ಲೂ ಅಜ್ಜಿಯರ ಕಾಲದ ಉಡುಪು ಸೀರೆ. ಇಳಕಲ್ಲಿನ ದಾಳಿಂಬೆ ಕೆಂಪು, ಗಿಳಿಹಸಿರು, ಕೆಂಪು ಸೆರಗಿನ ಟೋಪಿ ತೆನೆ. ಅನುಕೂಲಸ್ಥರಾದರೆ ಮದುವೆಗೆ ಮೊಳಕಾಲ್ಮೂರಿನ ರೇಷ್ಮೆ. ತಲೆಯ ಮೇಲೆ ಸೆರಗು. ಈ ಸೆರಗು ಮುಸ್ಲಿಮರದು ಮಾತ್ರ ಎಂದು ಯಾರೂ ಆಗ ಭಾವಿಸಿರಲಿಲ್ಲ. ಹಿರಿಯರ ಎದುರು, ಸ್ವಾಮಿಗಳ ಎದುರು, ಊರ ನಡುವಿನ ಕಟ್ಟೆಯ ಮುಂದೆ ಹಾಯುವಾಗ ಈ ಭಾಗದ ಎಷ್ಟೋ ಜಾತಿಯ ಹೆಂಗಸರು ತಲೆ ತುಂಬ ಸೆರಗು ಎಳೆದುಕೊಳ್ಳುತ್ತಿದ್ದರು, ಹಳ್ಳಿಗಳಲ್ಲಿ ಈಗಲೂ ಎಳೆದುಕೊಳ್ಳುತ್ತಾರೆ. ಹೊಲದಲ್ಲಿ ಕಳೆ ಕೀಳುವ ಮುಸ್ಲಿಂ ಹೆಂಗಸಿಗೆ ಬುರ್ಖಾ ಇರಲಿಲ್ಲ. ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ದುಡಿದವಳು ಅವಳು. ಪರ್ದಾ ಎಂಬುದು ಮನೆಯಿಂದ ಹೊರಗೆ ದುಡಿಯಬೇಕಿಲ್ಲದವರಿಗೆ ಮಾತ್ರ ಎಟುಕುವ ವಸ್ತುವಾಗಿತ್ತು.

ಹಾಗಾದರೆ ಧರ್ಮ ಏನು ಹೇಳುತ್ತದೆ? ಕುರಾನಿನಲ್ಲಿ ಹೆಂಗಸರ ಉಡುಪಿನ ಮಾತು ಮುಖ್ಯವಾಗಿ ಎರಡು ಕಡೆ ಬರುತ್ತದೆ: ಸೂರಾ ನೂರ್‌ನ 31ನೆಯ ವಚನದಲ್ಲಿ, ಸೂರಾ ಅಹ್‌ಜಾಬ್‌ನ 59ನೆಯ ವಚನದಲ್ಲಿ. ಎದೆಯ ಮೇಲೆ ಓಢಣಿ ಹೊದೆಯಬೇಕು, ಹೊರಗೆ ಹೋಗುವಾಗ ಮೇಲುಹೊದಿಕೆ ಎಳೆದುಕೊಳ್ಳಬೇಕು ಎಂದಿದೆ. ಆ ಓಢಣಿ ಯಾವ ಬಣ್ಣದ್ದಿರಬೇಕು ಎಂದು ಎಲ್ಲಿಯೂ ಇಲ್ಲ. ಸ್ವರ್ಗವಾಸಿಗಳು ಹಸಿರು ರೇಷ್ಮೆ ಉಡುತ್ತಾರೆ ಎಂಬ ವರ್ಣನೆ ಸೂರಾ ಕಹ್‌ಫ್‌ನಲ್ಲಿ ಬರುತ್ತದೆ. ದರ್ಗಾಗಳ ಚಾದರಕ್ಕೆ, ಉರುಸಿನ ಬಾವುಟಕ್ಕೆ ಹಸಿರು ಒಲಿದುಬಂದುದರ ಹಿಂದೆ ಆ ನೆನಪೂ ಇದೆ. ಆದರೆ ಭೂಮಿಯ ಮೇಲಿನ ಹೆಂಗಸಿಗೆ ಅದನ್ನು ಕಟ್ಟಳೆಯಾಗಿ ವಿಧಿಸಿಲ್ಲ.

ಪ್ರವಾದಿಗಳ ನಡೆನುಡಿಯ ದಾಖಲೆಗಳಾದ ಹದೀಸುಗಳನ್ನು ತೆರೆದರೆ ಬಣ್ಣಗಳು ಕಣ್ಣಿಗೆ ಕಟ್ಟುತ್ತವೆ. ಬುಖಾರಿಯ ಸಂಗ್ರಹದಲ್ಲಿ ಒಬ್ಬಾಕೆ ಗಂಡನ ಮೇಲೆ ದೂರು ಹೊತ್ತು ಪ್ರವಾದಿಗಳ ಮಡದಿ ಆಯಿಷಾರ ಬಳಿ ಬರುತ್ತಾಳೆ. ಆಕೆಯ ತಲೆಯ ಮೇಲಿದ್ದದ್ದು ಹಸಿರು ಓಢಣಿ. ಅಬಿಸೀನಿಯಾದಿಂದ ಮರಳಿದ ಕುಟುಂಬದ ಪುಟ್ಟ ಹುಡುಗಿ ಉಮ್ಮು ಖಾಲಿದಳಿಗೆ ಪ್ರವಾದಿಗಳು ತಾವೇ ಒಂದು ಕರಿ ಬಟ್ಟೆ ತೊಡಿಸುತ್ತಾರೆ. ಅದರ ಮೇಲೆ ಬಣ್ಣದ ಚಿತ್ತಾರವಿತ್ತು, ಅದನ್ನು ತೋರಿಸಿ ಆ ಮಗು ಕಲಿತುಬಂದಿದ್ದ ಅಬಿಸೀನಿಯಾದ ನುಡಿಯಲ್ಲೇ ಚೆನ್ನಾಗಿದೆ ಎನ್ನುತ್ತಾರೆ. ಮದೀನಾದ ಹೆಂಗಸರು ಹೊದಿಕೆ ಹೊದ್ದು ಹೊರಟಾಗ ತಲೆಯ ಮೇಲೆ ಕಾಗೆ ಕೂತಂತೆ ಕಾಣುತ್ತಿತ್ತು ಎಂಬ ಉಮ್ಮು ಸಲಮಾರ ಮಾತು ಅಬೂ ದಾವೂದರ ಸಂಗ್ರಹದಲ್ಲಿದೆ. ಕಪ್ಪೇ ಮೇಲು ಎನ್ನುವ ವಿದ್ವಾಂಸರು ಹಿಡಿದುಕೊಳ್ಳುವುದು ಈ ಮಾತನ್ನು. ಆದರೆ ಅದು ಕಂಡದ್ದರ ವರ್ಣನೆ, ಅಪ್ಪಣೆಯಲ್ಲ. ಅದೇ ಮದೀನಾದ ಆಯಿಷಾ ಹಜ್ ಯಾತ್ರೆಯಲ್ಲೂ ಕುಸುಬೆ ಹೂವಿನಿಂದ ಬಣ್ಣ ಕಟ್ಟಿದ ಬಟ್ಟೆ ಉಟ್ಟಿದ್ದರೆಂದು ಬುಖಾರಿ ದಾಖಲಿಸುತ್ತಾರೆ. ಕುಸುಬೆ! ನಮ್ಮ ಉತ್ತರದ ಎರೆಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ, ಮುಳ್ಳು ಮುಳ್ಳಿನ, ಹಳದಿ ಕೆಂಪಿನ ಅದೇ ಹೂವು. ಬಣ್ಣದ ವಿಷಯದಲ್ಲಿ ಕಟ್ಟುಪಾಡು ಇದ್ದದ್ದು ಗಂಡಸರಿಗೆ. ಕುಸುಬೆಯಲ್ಲಿ ಅದ್ದಿದ ಬಟ್ಟೆ ಅವರಿಗೆ ಸಲ್ಲದು ಎಂಬ ಮಾತಿದೆ, ರೇಷ್ಮೆ ಮತ್ತು ಚಿನ್ನ ಅವರಿಗೆ ನಿಷಿದ್ಧ. ಹೆಣ್ಣಿಗೆ ಇವೆಲ್ಲವೂ ಉಂಟು. ಹಜ್ಜಿನಲ್ಲಿ ಗಂಡಸು ಹೊಲಿಗೆಯಿಲ್ಲದ ಎರಡು ಬಟ್ಟೆ, ಸಾಮಾನ್ಯವಾಗಿ ಬಿಳಿಯವನ್ನೇ, ಹೊದೆಯಬೇಕು; ಹೆಂಗಸಿಗೆ ಅಂಥ ಸಮವಸ್ತ್ರವಿಲ್ಲ, ಅವಳು ತನ್ನ ನಾಡಿನ ಉಡುಪಿನಲ್ಲೇ ಯಾತ್ರೆ ಮುಗಿಸಬಹುದು.

ಬಣ್ಣದ ಹಬ್ಬ ಕಾಣಬೇಕಾದರೆ ಮದುವೆಮನೆಗೆ ಹೋಗಬೇಕು. ಹೊನ್ನಾಳಿಯಲ್ಲಾಗಲಿ ನ್ಯಾಮತಿಯಲ್ಲಾಗಲಿ ನಿಕಾಹಿಗೆ ಮೊದಲು ಹುಡುಗಿಯನ್ನು ಮಾಂಜಾಕ್ಕೆ ಕೂರಿಸುತ್ತಾರೆ. ಹಳದಿ ಬಟ್ಟೆ ತೊಡಿಸಿ, ಮೈಕೈಗೆ ಅರಿಸಿನ ಹಚ್ಚುತ್ತಾರೆ. ಅರಿಸಿನದ ಕಲೆ ಹಳದಿ ಬಟ್ಟೆಯ ಮೇಲೆ ಕಾಣುವುದಿಲ್ಲ ಎಂಬುದು ಒಂದು ಕಾರಣ. ನೆರೆಮನೆಯ ಅರಿಸಿನ ಶಾಸ್ತ್ರದ ಬಣ್ಣವೇ ಇಲ್ಲಿಯೂ ಶುಭದ ಬಣ್ಣವಾಗಿ ನಿಂತದ್ದು ಇನ್ನೊಂದು. ಇದು ನಿನ್ನೆಮೊನ್ನೆಯ ಪದ್ಧತಿಯಲ್ಲ. ದಖನ್ನಿನವರೇ ಆದ ಜಾಫರ್ ಷರೀಫರು ಬರೆದು ಹರ್ಕ್‌ಲಾಟ್ಸ್ ಎಂಬ ವೈದ್ಯರು ಇಂಗ್ಲಿಷಿಗೆ ತಂದ 'ಕಾನೂನ್-ಎ-ಇಸ್ಲಾಂ' 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ದಕ್ಷಿಣದ ಮುಸ್ಲಿಂ ಮನೆಗಳಲ್ಲಿ ಹುಟ್ಟಿನಿಂದ ಸಾವಿನವರೆಗೆ ನಡೆಯುವ ಶಾಸ್ತ್ರಗಳನ್ನೆಲ್ಲ ಹೇಳುವ ಆ ಪುಸ್ತಕದಲ್ಲಿ ಮದುವೆಯ ಅರಿಸಿನದ ವಿವರ ವಿಸ್ತಾರವಾಗಿ ಬರುತ್ತದೆ.

ಮಾಂಜಾದ ಹಳದಿ ಕಳಚಿದ ಮೇಲೆ ಮೆಹಂದಿ, ಅದಾದ ಮೇಲೆ ಗಂಡಿನ ಮನೆಯಿಂದ ಬರುವ ಕೆಂಪು ಉಡುಪು. ನಿಕಾಹಿನ ದಿನ ಕೆಂಪು, ಇಲ್ಲವೇ ಅದರ ಬಳಗದ ಮೆರೂನ್, ಅನಾರಿ, ರಾಣಿ ಬಣ್ಣ. ಅರಬ್ ನಾಡಿನ ಮದುವೆಯಲ್ಲಿ ಈ ಕೆಂಪು ಕಡ್ಡಾಯವಲ್ಲ. ಇದು ಹಿಂದೂಸ್ತಾನದ ನೆಲದ ಮದುಮಗಳ ಬಣ್ಣ. ಹಲವು ಧರ್ಮದವರು ಹಂಚಿಕೊಂಡದ್ದು. ಈಚೆಗೆ ವಲೀಮಾದ ಊಟದ ದಿನ ತಿಳಿಗುಲಾಬಿ, ಕೆನೆಬಣ್ಣ, ಬೂದುಮಿಶ್ರಿತ ನೀಲಿಯ ಗೌನುಗಳು ಬಂದಿವೆ, ಮೊಬೈಲಿನಲ್ಲಿ ನೋಡಿದ ಮದುವೆಗಳ ಪ್ರಭಾವ ಅದು. ಅಜ್ಜಿಯರು ಅದನ್ನು ಫೀಕಾ ಎಂದು ಮೂಗು ಮುರಿಯುತ್ತಾರೆ.

ಇನ್ನು ಕೊರಳು. ದಖನ್ನಿನ ಮುಸ್ಲಿಂ ಮುತ್ತೈದೆಯ ಕೊರಳಲ್ಲಿ ಕರಿಮಣಿಯ ಎಳೆಗಳನ್ನು ಪೋಣಿಸಿದ ಲಚ್ಛಾ ಇರುತ್ತದೆ. ಮದುವೆಯಾದವಳೆಂಬ ಗುರುತು ಅದು. ಕುರಾನಿನಲ್ಲಿ ಇದಕ್ಕೆ ಆಧಾರವಿಲ್ಲ, ಅರಬರಿಗೆ ಇದು ಗೊತ್ತಿಲ್ಲ. ಪಕ್ಕದ ಮನೆಯ ತಾಳಿಯ ಕರಿಮಣಿ, ಈ ಮನೆಯ ಲಚ್ಛಾದ ಕರಿಮಣಿ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಹಸಿರು ಗಾಜಿನ ಬಳೆಯ ಕಥೆಯೂ ಹಾಗೆಯೇ. ಬಳೆ ತೊಡಿಸುವ ಮಣಿಯಾರ ಅನೇಕ ಊರುಗಳಲ್ಲಿ ಮುಸ್ಲಿಮನೇ. ಬಸುರಿಗೆ ಯಾವ ಬಳೆ, ಬಾಣಂತಿಗೆ ಯಾವ ಬಳೆ, ಮದುಮಗಳಿಗೆ ಎಷ್ಟು ಬಳೆ ಎಂಬ ಊರಿನ ಬಣ್ಣದ ವ್ಯಾಕರಣವೆಲ್ಲ ಅವನ ಬಾಯಿಪಾಠ. ಕಪ್ಪು ಅಶುಭ ಎನ್ನುವ ಮಾತಿಗೂ ಈ ನಾಡಿನಲ್ಲಿ ಅಪವಾದಗಳಿವೆ. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಗೆ ಹಿಂದೂ ಮುತ್ತೈದೆಯರು ಆಸೆಪಟ್ಟು ಉಡುವ ಚಂದ್ರಕಾಳಿ ಸೀರೆ ಕಡುಗಪ್ಪೇ.

ಮದುವೆಯ ಬಣ್ಣಗಳನ್ನು ಹೇಳಿದ ಮೇಲೆ ಗಂಡನನ್ನು ಕಳೆದುಕೊಂಡವಳ ಬಣ್ಣವನ್ನು ಹೇಳದೆ ಮುಂದೆ ಹೋಗಲಾಗದು. ಇಲ್ಲಿ ಶಾಸ್ತ್ರವೇ ಒಂದು, ರೂಢಿಯೇ ಒಂದು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕಾಯಬೇಕು ಎಂದು ಸೂರಾ ಬಖರಾದ 234ನೆಯ ವಚನ ಹೇಳುತ್ತದೆ. ಬಸುರಿಯಾಗಿದ್ದರೆ ಹೆರಿಗೆಯವರೆಗೆ. ಆ ಅವಧಿಯಲ್ಲಿ ಬಣ್ಣ ಕಟ್ಟಿದ ಬಟ್ಟೆ, ಸುರ್ಮಾ, ಅತ್ತರು ಬೇಡ ಎಂದು ಉಮ್ಮು ಅತಿಯ್ಯಾ ಹೇಳಿದ ಹದೀಸಿದೆ. ಅದರಲ್ಲೂ ಯೆಮನ್ ದೇಶದ ಅಸ್ಬ್ ಎಂಬ ನೇಯ್ಗೆಗೆ ವಿನಾಯಿತಿ ಇದೆ. ಅಷ್ಟೇ. ಇದ್ದತ್ ಮುಗಿದ ಮರುದಿನ ಅವಳು ಕೆಂಪು ಉಡಬಹುದು, ಬಳೆ ತೊಡಬಹುದು, ಮತ್ತೆ ಮದುವೆಯಾಗಬಹುದು. ಪ್ರವಾದಿಗಳ ಮೊದಲ ಮಡದಿ ಖದೀಜಾ ವಿಧವೆಯಾಗಿದ್ದವರು. ಅವರ ಇನ್ನೊಬ್ಬ ಮಡದಿ ಉಮ್ಮು ಸಲಮಾ ಕೂಡ.

ಆದರೆ ನಮ್ಮ ಹಳ್ಳಿಗಳಲ್ಲಿ ಆಗುವುದೇನು? ಕೆಲವು ಮನೆಗಳಲ್ಲಿ ಗಂಡನ ಹೆಣ ಎತ್ತುವ ಮೊದಲೇ ಬಳೆ ಒಡೆಯುತ್ತಾರೆ, ಲಚ್ಛಾ ತೆಗೆಯುತ್ತಾರೆ. ಇದ್ದತ್ತಿಗೆಂದು ಉಟ್ಟ ಬಿಳಿ ಸೀರೆ, ಮಾಸಲು ಸೀರೆ ಮೂವತ್ತು ವರ್ಷವಾದರೂ ಮೈ ಬಿಡುವುದಿಲ್ಲ. ಇಪ್ಪತ್ತೆಂಟರಲ್ಲಿ ಗಂಡನನ್ನು ಕಳೆದುಕೊಂಡವಳು ಮಗಳ ಮಾಂಜಾದ ದಿನ ಅರಿಸಿನದ ಬಟ್ಟಲು ಮುಟ್ಟಲು ಹಿಂಜರಿಯುತ್ತಾಳೆ. ಇದು ಇಸ್ಲಾಮಿನಿಂದ ಬಂದದ್ದಲ್ಲ, ಸುತ್ತಲಿನ ಸಮಾಜದಿಂದ ಕಲಿತದ್ದು. ಹಂಚಿಕೊಂಡ ಬಣ್ಣಗಳನ್ನು ಕೊಂಡಾಡುವಾಗ ಹಂಚಿಕೊಂಡ ಈ ಕ್ರೌರ್ಯವನ್ನೂ ಹೇಳಲೇಬೇಕು. ಪರ್ದಾದ ಬಗ್ಗೆ ಗಂಟೆಗಟ್ಟಲೆ ಪ್ರವಚನ ಮಾಡುವ ಮೌಲ್ವಿಗಳು ಒಂದು ಶುಕ್ರವಾರ ಮಸೀದಿಯ ಮಿಂಬರಿನ ಮೇಲೆ ನಿಂತು, 'ನಾಲ್ಕು ತಿಂಗಳು ಹತ್ತು ದಿನ ಮುಗಿಯಿತು, ಆ ಹೆಣ್ಣುಮಗಳಿಗೆ ಬಣ್ಣದ ಸೀರೆ ಕೊಡಿಸಿ' ಎಂದು ಹೇಳಿದರೆ ಎಷ್ಟೋ ಮನೆಗಳ ಕತ್ತಲೆ ಕಳೆಯುತ್ತದೆ.

ಬಿಳಿಗೆ ಬೇರೆ ಮುಖಗಳೂ ಇವೆ. ಬಿಳಿ ಉಡಿ, ನಿಮ್ಮ ಸತ್ತವರನ್ನೂ ಬಿಳಿಯಲ್ಲೇ ಸುತ್ತಿ ಎಂಬ ಪ್ರವಾದಿವಚನದ ಕಾರಣ ಕಫನ್ ಬಿಳಿ. ಗಂಡಿಗೆ ಮೂರು ಬಟ್ಟೆ, ಹೆಣ್ಣಿಗೆ ತಲೆಯ ಓಢಣಿಯೂ ಸೇರಿ ಐದು. ಮನೆಮನೆಯ ಗೂಟಕ್ಕೆ ತೂಗುವ ನಮಾಜಿನ ದುಪಟ್ಟಾ ಸಾಮಾನ್ಯವಾಗಿ ಬಿಳಿಯೇ. ಅಂಚಿಗೆ ಕ್ರೋಶಾದ ಲೇಸು ಕಟ್ಟುವುದು ಹುಡುಗಿಯರು ರಜೆಯಲ್ಲಿ ಮಾಡುವ ಕೆಲಸ. ಹಳೆಯ ಬುರ್ಖಾ ಕೂಡ ಬಿಳಿಯದೇ ಆಗಿತ್ತೆಂದರೆ ಇಂದಿನ ಮಕ್ಕಳಿಗೆ ಆಶ್ಚರ್ಯವಾಗಬಹುದು. ತಲೆಗೆ ಟೋಪಿಯಂತೆ ಕೂರುವ, ಕಣ್ಣಿನ ಜಾಗದಲ್ಲಿ ಜಾಲಿ ಹೊಲಿದ, ನೆರಿಗೆ ನೆರಿಗೆಯಾಗಿ ಕಾಲಿನವರೆಗೆ ಇಳಿಯುವ ಬಿಳಿ ಹತ್ತಿಬಟ್ಟೆಯ ಬುರ್ಖಾ ಭಾರತದ ಪಟ್ಟಣಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಅದೂ ಇಲ್ಲದವರು ಸೀರೆಯ ಮೇಲೆ ಒಂದು ಬಿಳಿ ಚಾದರ ಹೊದ್ದು ಹೋಗುತ್ತಿದ್ದರು.

ಬಿಳಿಯೇ ಏಕೆ? ಬಣ್ಣ ಕಟ್ಟಿಸಲು ದುಡ್ಡು ಬೇಕು. ಹತ್ತಿಗೆ ಗಟ್ಟಿಯಾದ ಕಪ್ಪು ಹಿಡಿಸುವುದಂತೂ ಹಿಂದಿನ ಬಣ್ಣಗಾರರಿಗೆ ಬಹಳ ತ್ರಾಸದ ಕೆಲಸ. ಬೆಲ್ಲದ ನೀರಿನಲ್ಲಿ ಕಬ್ಬಿಣದ ತುಕ್ಕು ಕೊಳೆಸಿ, ಅಳಲೆಕಾಯಿಯ ಒಗರಿನಲ್ಲಿ ನೆನೆಸಿದ ಬಟ್ಟೆಗೆ ಅದನ್ನು ಕುಡಿಸಬೇಕು. ಇಲ್ಲವೇ ನೀಲಿಯ ತೊಟ್ಟಿಯಲ್ಲಿ ಮತ್ತೆ ಮತ್ತೆ ಅದ್ದಬೇಕು. ಕಬ್ಬಿಣ ಹೆಚ್ಚಾದರೆ ಬಟ್ಟೆಯೇ ಲಡ್ಡಾಗುತ್ತದೆ. 1856ರಲ್ಲಿ ಲಂಡನ್ನಿನ ಪರ್ಕಿನ್ ಡಾಂಬರಿನಿಂದ ಮೊದಲ ಕೃತಕ ನೇರಳೆಯನ್ನು ತೆಗೆದ. 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಆಮೇಲೆ ಅಗ್ಗದ ಕಪ್ಪೂ ಬಂತು. ರಂಗರೇಜರ ತೊಟ್ಟಿಗಳು ಒಂದೊಂದಾಗಿ ಒಣಗಿದವು. ಕಪ್ಪು ಎಲ್ಲರ ಕೈಗೆಟುಕುವ ಬಣ್ಣವಾದುದು ರಸಾಯನಶಾಸ್ತ್ರದ ದೆಸೆಯಿಂದ.

ಹತ್ತಿಯ ಕಪ್ಪು ಒಗೆದಷ್ಟೂ ಬೂದಿಯಾಗುತ್ತದೆ. ಪಾಲಿಯೆಸ್ಟರಿನ ಕಪ್ಪು ಹಾಗಲ್ಲ. ಕೊಲ್ಲಿ ನಾಡುಗಳ ಹೆಂಗಸರ ನಿಲುವಂಗಿಯಾದ ಅಬಾಯಕ್ಕೆಂದೇ ಜಪಾನ್ ಮತ್ತು ಕೊರಿಯಾದ ಗಿರಣಿಗಳು ಕಡುಗಪ್ಪು ಪಾಲಿಯೆಸ್ಟರ್ ನೇಯ್ದು ಕಳಿಸತೊಡಗಿದವು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಭಟ್ಕಳ, ಮಂಗಳೂರು, ಕಾಸರಗೋಡಿನ ಗಂಡಸರು ದುಬೈ, ಜಿದ್ದಾಗಳಿಗೆ ದುಡಿಯಲು ಹೋದರು. ಕ್ರಮೇಣ ಬಯಲುಸೀಮೆಯ ಮೆಕ್ಯಾನಿಕ್ಕರು, ಚಾಲಕರು, ಗಾರೆಯವರೂ ಹೋದರು. ರಜೆಗೆ ಬಂದಾಗ ಅವರ ಪೆಟ್ಟಿಗೆಯಲ್ಲಿ ಹೆಂಡತಿಗೆ, ಅಮ್ಮಿಗೆ, ತಂಗಿಗೆ ಒಂದೊಂದು ಕರಿ ಅಬಾಯ. ಅದನ್ನು ತೊಟ್ಟವಳ ಮನೆಯವರು ದುಬೈನಲ್ಲಿದ್ದಾರೆ ಎಂಬುದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಮೊದಲು ಅದು ಅನುಕೂಲಸ್ಥರ ಗುರುತು, ಆಮೇಲೆ ದೀನದಾರರ ಗುರುತು, ಈಗ ಎಲ್ಲರ ಗುರುತು. ದಾವಣಗೆರೆಯ ಬಟ್ಟೆಯಂಗಡಿಗಳಲ್ಲಿ ಅಬಾಯ ಹೊಲಿಯುವ ನಿದಾ ಎಂಬ ಬಟ್ಟೆ ಈಗ ಥಾನುಗಟ್ಟಲೆ ಸಿಗುತ್ತದೆ.

ತೊಡುವವರನ್ನೇ ಕೇಳಿದರೆ ಕಾರಣಗಳು ಹತ್ತಾರು. ದೇವರ ಅಪ್ಪಣೆ ಎಂದು ಮನಸಾರೆ ನಂಬಿ ತೊಡುವವರಿದ್ದಾರೆ, ಅವರ ನಂಬಿಕೆಯನ್ನು ಗೌರವಿಸಬೇಕು. ಕಪ್ಪು ಕಣ್ಣು ಸೆಳೆಯುವುದಿಲ್ಲ ಎನ್ನುವವರು ಕೆಲವರು. ಒಳಗಿನ ಸೀರೆ ಹಳೆಯದೋ ಹರಿದದ್ದೋ ಯಾರಿಗೂ ಕಾಣುವುದಿಲ್ಲ, ಒಂದು ಬುರ್ಖಾದಲ್ಲಿ ವರ್ಷ ಕಳೆಯಬಹುದು ಎನ್ನುವುದು ಬಡತನದ ಲೆಕ್ಕ. ಜಗಳೂರಿನಂಥ ಧೂಳಿನ ದಾರಿಯಲ್ಲಿ, ತುಂಬಿದ ಬಸ್ಸಿನಲ್ಲಿ ಮೇಲೊಂದು ಹೊದಿಕೆ ಇದ್ದರೆ ಒಳಗಿನ ಬಟ್ಟೆ ಉಳಿಯುತ್ತದೆ ಎನ್ನುವುದು ಇನ್ನೊಂದು. ಬುರ್ಖಾ ಹಾಕಿಕೊಂಡರೆ ಕಾಲೇಜಿಗೆ ಕಳಿಸುತ್ತೇವೆ ಎಂದು ಅಬ್ಬಾ ಹೇಳಿದರು, ಅದಕ್ಕೆ ಒಪ್ಪಿದೆ ಎನ್ನುವ ಹುಡುಗಿಯರು ಎಷ್ಟಿದ್ದಾರೋ. ಊರಿನಲ್ಲಿ ಗಲಾಟೆಯಾದಾಗಲೆಲ್ಲ ತಮ್ಮವರ ನಡುವೆ ತಾವು ಒಂದಾಗಿ ಕಾಣಬೇಕೆಂಬ ಒತ್ತಾಸೆ ಹೆಚ್ಚುತ್ತದೆ. ಆಗ ಅದುವರೆಗೆ ಸೆರಗಿನಲ್ಲೇ ಇದ್ದವಳೂ ಬುರ್ಖಾಕ್ಕೆ ಹೋಗುತ್ತಾಳೆ. ಇನ್ನು ಬೇಡವೆಂದರೂ ಹಾಕಿಸುವ ಗಂಡ, ಅತ್ತೆ, ಜಮಾತಿನವರ ಕಣ್ಣು ಇಲ್ಲವೆಂದು ಹೇಳಿದರೆ ಅದು ಸುಳ್ಳು. ಹೆಣ್ಣಿನ ಬದುಕನ್ನು ಅವಳನ್ನು ಕೇಳದೆ ತೀರ್ಮಾನಿಸುವ ಮನೆಗಳ ಕಥೆಯನ್ನು ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಿಂದ ಹಿಡಿದು ಕೊನೆಯವರೆಗೂ ಬರೆದರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ಆ ಮನೆಗಳ ಒಳಕೋಣೆಯನ್ನು ಲೋಕಕ್ಕೇ ತೋರಿಸಿ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದವು.

ಈ ಬಿಸಿಲಲ್ಲಿ ಕಪ್ಪು ಹೇಗಪ್ಪಾ ತಡೆಯುತ್ತಾರೆ ಎಂದು ಕೇಳುವವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. ಮರುಭೂಮಿಯ ಬೆದೂಯಿನರು ಕರಿ ನಿಲುವಂಗಿ ತೊಡುವುದೇಕೆ ಎಂದು ಶ್ಕೋಲ್ನಿಕ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ನೆಗೆವ್ ಮರುಭೂಮಿಯಲ್ಲಿ ಅಳೆದು ನೋಡಿ, 1980ರ 'ನೇಚರ್' ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಬಿಳಿಗಿಂತ ಹೆಚ್ಚು ಬಿಸಿಲು ಹೀರುತ್ತದೆ, ನಿಜ. ಆದರೆ ಅಂಗಿ ದೊಗಲೆಯಾಗಿದ್ದಾಗ ಆ ಹೆಚ್ಚಿನ ಕಾವು ಮೈಗೆ ಮುಟ್ಟುವ ಮೊದಲೇ ನಡುವಿನ ಗಾಳಿಯೊಂದಿಗೆ ಹಾರಿಹೋಗುತ್ತದೆ. ಚರ್ಮಕ್ಕೆ ತಲುಪುವ ಶಾಖದಲ್ಲಿ ಕರಿ ಬಿಳಿಯ ವ್ಯತ್ಯಾಸ ಉಳಿಯುವುದಿಲ್ಲ. ಇದನ್ನು ಕೇಳಿ ಸಮಾಧಾನಪಟ್ಟುಕೊಳ್ಳುವ ಮೊದಲು ನೆನಪಿಡಬೇಕಾದದ್ದು ಇಷ್ಟು: ಅದು ಗಾಳಿಯಾಡುವ ಸಡಿಲ ನಿಲುವಂಗಿ, ಒಣ ಮರುಭೂಮಿಯ ಗಾಳಿ. ಚೂಡಿದಾರದ ಮೇಲೆ ಪಾಲಿಯೆಸ್ಟರ್ ಬುರ್ಖಾ, ಅದರ ಮೇಲೆ ಬಿಗಿದು ಪಿನ್ನು ಚುಚ್ಚಿದ ಸ್ಕಾರ್ಫು, ಮೇಲೆ ಏಪ್ರಿಲ್ ತಿಂಗಳ ಬಸ್ಸು, ಇದರ ಲೆಕ್ಕವೇ ಬೇರೆ. ನಮ್ಮ ಹೆಣ್ಣುಮಕ್ಕಳಿಗೆ ಹತ್ತಿಯ, ಸಡಿಲವಾದ, ತಿಳಿಬಣ್ಣದ ಅಬಾಯ ಹೊಲಿದುಕೊಡುವ ದರ್ಜಿಗಳು ಹೆಚ್ಚಬೇಕು. ಕಪ್ಪನ್ನು ಹರಡಿದ ಸೌದಿ ಅರೇಬಿಯಾದಲ್ಲೇ ಯುವರಾಜ ಮುಹಮ್ಮದ್ ಬಿನ್ ಸಲ್ಮಾನ್ 2018ರ ಮಾರ್ಚಿನಲ್ಲಿ, ಮರ್ಯಾದೆಯ ಉಡುಪು ಬೇಕೆಂದು ಕಾನೂನು ಹೇಳುತ್ತದೆ, ಕರಿ ಅಬಾಯವೇ ಆಗಬೇಕೆಂದು ಹೇಳುವುದಿಲ್ಲ ಎಂದು ದೂರದರ್ಶನ ಸಂದರ್ಶನವೊಂದರಲ್ಲಿ ಸಾರಿದ.

ಕರ್ನಾಟಕದಲ್ಲೇ ನಾಲ್ಕು ದಿಕ್ಕು ತಿರುಗಿದರೆ ನಾಲ್ಕು ಬಣ್ಣ. ಗೌರಿಬಿದನೂರು ತಾಲ್ಲೂಕಿನ ಅಲೀಪುರ ಶಿಯಾಗಳ ಊರು. ಕರ್ಬಲಾದ ಶೋಕಕ್ಕಾಗಿ ಮೊಹರಂನಿಂದ ಎರಡು ತಿಂಗಳು ಎಂಟು ದಿನ ಅಲ್ಲಿ ಕಪ್ಪು ಉಡುತ್ತಾರೆ, ಶುಭದ ಬಣ್ಣಗಳನ್ನು ದೂರವಿಡುತ್ತಾರೆ. ಅದೇ ಶಿಯಾ ಪಂಥದ ಇನ್ನೊಂದು ಕವಲಾದ ದಾವೂದಿ ಬೋಹ್ರಾ ಹೆಂಗಸರು ಬೆಂಗಳೂರು, ಹುಬ್ಬಳ್ಳಿಯ ಪೇಟೆಗಳಲ್ಲಿ ತೊಡುವ ರಿದಾ ಎರಡು ತುಂಡಿನ ಉಡುಪು. ಅದು ತಿಳಿಹಸಿರು, ಗುಲಾಬಿ, ಹಳದಿ ಏನಾದರೂ ಇರಬಹುದು, ಕಪ್ಪೊಂದನ್ನು ಬಿಟ್ಟು. ಕರಾವಳಿಯ ಬ್ಯಾರಿ ಅಜ್ಜಿಯರದು ಅಂಚುಳ್ಳ ತುಣಿ, ತುಂಬುತೋಳಿನ ಕುಪ್ಪಾಯ, ತಲೆಗೆ ಎಲಸರ. ಹೊರಗಿನ ಲೋಕದಲ್ಲೂ ಹೀಗೆಯೇ. ಕಾಬೂಲಿನದು ನೀಲಿ. ಅಲ್ಜೀರಿಯಾದ ರಾಜಧಾನಿಯ ಹೆಂಗಸರದು ಬಿಳಿ ಹೊದಿಕೆಯಾಗಿತ್ತು. ಅದೇ ದೇಶದ ಕಾನ್‌ಸ್ಟಂಟೈನ್ ಪಟ್ಟಣದವರದು ಕಪ್ಪಾಗಿತ್ತು. 1792ರಲ್ಲಿ ಮಡಿದ ತಮ್ಮ ಪ್ರೀತಿಯ ದೊರೆ ಸಾಲಾಹ್ ಬೇಯ ಶೋಕಕ್ಕಾಗಿ ಉಟ್ಟದ್ದು ಹಾಗೆಯೇ ಉಳಿಯಿತೆಂದು ಅಲ್ಲಿಯ ಜನ ಹೇಳುತ್ತಾರೆ. ಯೆಮನ್ನಿನ ಸನಾ ಪಟ್ಟಣದ ಹೆಂಗಸರು ಹೊದೆಯುವ ಸಿತಾರಾ ಕೆಂಪು ನೀಲಿ ಹೂಗಳ ಅಚ್ಚಿನ ಬಟ್ಟೆ. ಆ ಬಟ್ಟೆ ಅವರಿಗೆ ಹೋಗುತ್ತಿದ್ದದ್ದು ಹಿಂದೂಸ್ತಾನದಿಂದ.

ಬಣ್ಣ ಬೀದಿಗೆ ಬಂದು ಬಣ್ಣದೆದುರು ನಿಂತ ಕಾಲವನ್ನೂ ನಮ್ಮ ದಾವಣಗೆರೆ ಜಿಲ್ಲೆ ಕಂಡಿದೆ. ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶುರುವಾದ ಹಿಜಾಬ್ ಪ್ರಶ್ನೆ 2022ರ ಫೆಬ್ರವರಿಯಲ್ಲಿ ರಾಜ್ಯವನ್ನೆಲ್ಲ ಆವರಿಸಿತು. ಒಂದು ಕಡೆ ಹಿಜಾಬ್, ಇನ್ನೊಂದು ಕಡೆ ಕೇಸರಿ ಶಾಲು. ಚಿಕ್ಕಮಗಳೂರಿನಲ್ಲಿ ಹಿಜಾಬಿನ ಪರ ನಿಂತ ಹುಡುಗರ ಹೆಗಲ ಮೇಲೆ ನೀಲಿ ಶಾಲು. ಫೆಬ್ರವರಿ 5ರಂದು ಸಮವಸ್ತ್ರದ ಸರ್ಕಾರಿ ಆದೇಶ ಹೊರಟಿತು. 8ರಂದು ಹರಿಹರ, ದಾವಣಗೆರೆಗಳಲ್ಲೂ ಗಲಾಟೆಯಾಯಿತು, ಸರ್ಕಾರ ಶಾಲೆ ಕಾಲೇಜುಗಳಿಗೆ ರಜೆ ಕೊಟ್ಟಿತು. ಒಂದೇ ಬೆಂಚಿನಲ್ಲಿ ಕೂತು ನೋಟ್ಸು ಹಂಚಿಕೊಂಡ ಮಕ್ಕಳು ಒಬ್ಬರ ಬಣ್ಣವನ್ನು ಕಂಡು ಇನ್ನೊಬ್ಬರು ಹೆದರುವಂತಾಯಿತು.

ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು. ಆ ಮೊಕದ್ದಮೆಯಲ್ಲಿ ಬಣ್ಣದ ಒಂದು ಸಣ್ಣ ಕೋರಿಕೆ ಇತ್ತು, ಗದ್ದಲದಲ್ಲಿ ಅದು ಬಹಳ ಜನರ ಕಿವಿಗೆ ಬೀಳಲಿಲ್ಲ. ಸಮವಸ್ತ್ರ ಬೇಡವೆಂದು ಹುಡುಗಿಯರು ಕೇಳಿರಲಿಲ್ಲ. ಸಮವಸ್ತ್ರದ ಬಣ್ಣದ್ದೇ ಆದ ಬಟ್ಟೆಯಿಂದ ತಲೆ ಮುಚ್ಚಿಕೊಳ್ಳಲು ಬಿಡಿ ಎಂದು ಅವರ ವಕೀಲರು ಕೇಳಿದರು. ಕೇಂದ್ರೀಯ ವಿದ್ಯಾಲಯಗಳ ಸಮವಸ್ತ್ರದ ನಿಯಮವನ್ನು ಮುಂದಿಟ್ಟರು. ಅದರಲ್ಲಿ ಮುಸ್ಲಿಂ ಹುಡುಗಿಯರಿಗೆ ಪಾದದವರೆಗಿನ ಪ್ಯಾಂಟು, ತುಂಬುತೋಳಿನ ಅಂಗಿ, ಪ್ಯಾಂಟಿನ ಬಣ್ಣದ್ದೇ ಸ್ಕಾರ್ಫು, ಅದಕ್ಕೆ ಕೆಂಪು ಅಂಚು ಎಂದಿದೆ. ಹಾಗೆ ಬಿಟ್ಟರೆ ಹಿಜಾಬ್ ಇರುವವರು, ಇಲ್ಲದವರು ಎಂದು ಎರಡು ಗುಂಪಾಗುತ್ತದೆ ಎಂದು ಹೈಕೋರ್ಟು ಮಾರ್ಚ್ 15ರ ತೀರ್ಪಿನಲ್ಲಿ ಒಪ್ಪಲಿಲ್ಲ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ್ ಗುಪ್ತ ಅವರು ಆ ತೀರ್ಪನ್ನು ಎತ್ತಿಹಿಡಿದರು, ಸುಧಾಂಶು ಧೂಲಿಯಾ ಅವರು ತಳ್ಳಿಹಾಕಿದರು. ಹೆಣ್ಣುಮಗುವಿನ ಓದು ನಿಲ್ಲಬಾರದೆಂಬ ಕಳಕಳಿ ಧೂಲಿಯಾ ಅವರ ಬರಹದುದ್ದಕ್ಕೂ ಇದೆ. ವಿಷಯ ದೊಡ್ಡ ಪೀಠಕ್ಕೆ ಹೋಗುವಂತಾಯಿತು.

ನ್ಯಾಯಾಲಯದ ಮಾತು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಚನ್ನಗಿರಿಯಲ್ಲೋ ಹೊನ್ನಾಳಿಯಲ್ಲೋ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ತನ್ನ ಮನೆತನದಲ್ಲಿ ಮೊದಲ ಬಾರಿಗೆ ಪಿಯುಸಿ ಮೆಟ್ಟಿಲು ಹತ್ತುವ ಹುಡುಗಿಯ ವಿಷಯದಲ್ಲಿ ಮೇಷ್ಟ್ರು, ಅಬ್ಬಾ, ಜಮಾತಿನ ಹಿರಿಯರು ಒಂದು ಕಡೆ ಕೂತು ಮಾತಾಡಿಕೊಳ್ಳುವುದಕ್ಕೆ ಯಾವ ಕಾನೂನೂ ಅಡ್ಡಿಯಾಗಿಲ್ಲ. ಮಾತಾಡುವಾಗ ಅವಳನ್ನೂ ಕೂರಿಸಿಕೊಳ್ಳಬೇಕು. ನಿನಗೇನು ಬೇಕಮ್ಮ ಎಂದು ಕೇಳಬೇಕು. ಸಮವಸ್ತ್ರದ ದುಪಟ್ಟಾ ನೀಲಿಯಾಗಿದ್ದರೆ ನೀಲಿ, ಕಂದಾಗಿದ್ದರೆ ಕಂದು. ಆ ಬಟ್ಟೆ ಇನ್ನೊಂದು ಮೀಟರು ಹೆಚ್ಚು ತಂದರೆ ಊರಿನ ದರ್ಜಿ ಅರ್ಧ ಗಂಟೆಯಲ್ಲಿ ಅಂಚು ಹೊಲಿದುಕೊಡುತ್ತಾನೆ.